ರೊಟ್ಟಿ, ಹಿಂಡಿ ಮತ್ತು ಮನೆತನದ ಆರೋಗ್ಯ

(ಜಾತ್ರಾ ಮಹೋತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಸಂಕ್ರಮಣದ ದಿನಗಳಲ್ಲಿ ಸೊಲ್ಲಾಪುರದಲ್ಲಿ ಶ್ರೀ ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆ ನೆರೆಯುತ್ತದೆ. ಅದೇ ಹೊತ್ತಿಗೆ ಮನೆ ಮನೆಯಲ್ಲಿ ಭೋಗಿಯ ಅಡಿಗೆ ಆಗುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಬದನೆಕಾಯಿ, ಗಜ್ಜರಿ, ಅವರೆ, ಹಸಿ ಕಡಲೆ, ಸೊಪ್ಪು ಎಲ್ಲವನ್ನೂ ಕೂಡಿಸಿ, ಶೇಂಗಾ ಮತ್ತು ಎಳ್ಳಿನ ಪುಡಿ ಹಾಕಿದ ಪಲ್ಯ. ಜೊತೆಗೆ ಬೆಣ್ಣೆ, ಮೊಸರು, ಹಿಂಡಿ. ಧಾನ್ಯ, ಕಾಳು, ಕಾಯಿಪಲ್ಯ, ಎಣ್ಣೆಕಾಳು, ಹೈನು ಇವೆಲ್ಲವೂ ಒಂದೇ ತಾಟಿನಲ್ಲಿ ಕೂಡಿದವು. ದೊಡ್ಡ ಡಾಕ್ಟರರು ಇಂದು ಸಮತೋಲ ಆಹಾರವೆಂದು ಹೇಳುವುದು ಇದನ್ನೇ. ಹಿರಿಯರು ಅದನ್ನು ಹಬ್ಬದ ಹೆಸರಿನಲ್ಲಿ ಮಕ್ಕಳ ಕೈಗೆ ಕೊಟ್ಟರು. ಹಬ್ಬ ಒಂದು ದಿನದ್ದು, ಹೊಟ್ಟೆಯು ಪ್ರತಿದಿನದ್ದು. ಆದುದರಿಂದ ಇಂದು ನಿತ್ಯದ ಅಡಿಗೆಯ ಬಗ್ಗೆ, ಅದನ್ನು ಕೆಡದಂತೆ ಕಾಪಿಡುವ ಬಗ್ಗೆ, ಮನೆಮಂದಿಯೆಲ್ಲ ಕೂಡಿ ಉಣ್ಣುವ ಬಗ್ಗೆ ನಾಲ್ಕು ಮಾತು.

ಈ ಭಾಗದ ಅಡಿಗೆಯನ್ನು ತಿಳಿಯಬೇಕಾದರೆ ಮೊದಲು ಈ ಭಾಗದ ನೆಲವನ್ನು ತಿಳಿಯಬೇಕು. ಇದು ಕಪ್ಪು ಎರೆ ಭೂಮಿ. ಮಳೆ ಕಡಿಮೆ, ಬಂದರೂ ನಂಬಿಕೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುವುದನ್ನೇ ಕಾಯಕವಾಗಿ ಮಾಡಿದರೆಂದರೆ ನೀರಿನ ಬೆಲೆ ಎಷ್ಟಿತ್ತೆಂದು ತಿಳಿಯುತ್ತದೆ. 1876ರಿಂದ 1878ರವರೆಗಿನ ಮಹಾ ಕ್ಷಾಮವನ್ನು ಈ ನಾಡು ಕಂಡಿದೆ. 1972ರ ಬರಗಾಲವನ್ನು ಕಂಡವರು ಇನ್ನೂ ಇದ್ದಾರೆ. ಪರಿಹಾರ ಕಾಮಗಾರಿಗಳಲ್ಲಿ ಖಡಿ ಒಡೆದು, ಸುಕಡಿ ತಿಂದು, ಪರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ಬಡಿದು ದಿನ ಕಳೆದವರು ಅವರು. ಅಂಥವರು ತಾಟಿನಲ್ಲಿ ತುಣುಕು ರೊಟ್ಟಿ ಬಿಟ್ಟರೆ ಮೊಮ್ಮಕ್ಕಳನ್ನು ಗದರಿಸುತ್ತಾರೆ. ಅದು ಜಿಪುಣತನವೆಂದು ಯಾರೂ ತಿಳಿಯಬಾರದು.

ಇಂಥ ನೆಲಕ್ಕೆ ಒಪ್ಪಿದ ಧಾನ್ಯ ಹಿಂಗಾರಿ ಜೋಳ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದರೆ, ಎರೆ ಮಣ್ಣು ಹಿಡಿದಿಟ್ಟ ಹಸಿಯಲ್ಲಿಯೇ ಬೆಳೆದು ಶಿವರಾತ್ರಿಯ ಸುಮಾರಿಗೆ ಕೈಗೆ ಬರುತ್ತದೆ. ಮಾಲದಂಡಿ ಎಂದರೆ ಈ ಭಾಗದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ನಾಟಿ ಮಾಲದಂಡಿಯಿಂದಲೇ ಆರಿಸಿ ತೆಗೆದ ಎಂ 35-1 ಎಂಬ ತಳಿ ಮಹಾರಾಷ್ಟ್ರ, ಕರ್ನಾಟಕಗಳ ಹೊಲಗಳಲ್ಲಿ ಇಂದಿಗೂ ನಿಂತಿದೆ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆಗ ಪಟ್ಟಣದವರು ಬಣ್ಣದ ಪೊಟ್ಟಣದಲ್ಲಿ ಜೋಳ ಕೊಂಡರು. ಈ ಭಾಗದ ಒಕ್ಕಲಿಗನ ಮನೆಯಲ್ಲಿ ಅದು ಚೀಲದಲ್ಲಿಯೇ ಇತ್ತು.

ಬೆಳೆದದ್ದನ್ನು ಉಳಿಸುವುದು ಎರಡನೆಯ ವಿದ್ಯೆ. ಹಿಂದೆ ಊರೂರಿಗೆ ಹಗೇವುಗಳಿದ್ದವು. ನೆಲದಲ್ಲಿ ಆಳವಾಗಿ ತೋಡಿ, ತಳಕ್ಕೂ ಸುತ್ತಲಿಗೂ ಕಣಿಕೆ ಹೊಟ್ಟು ಹಾಕಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಹೊಸ ಗಾಳಿ ಆಡದಿದ್ದುದರಿಂದ ಹುಳು ಬದುಕುತ್ತಿರಲಿಲ್ಲ. ಆ ಕಾರಣಕ್ಕಾಗಿಯೇ ಹಗೇವಿನ ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬಾರದೆಂಬ ಕಟ್ಟುನಿಟ್ಟಿತ್ತು. ವಿಷಗಾಳಿ ಹೋಗುವವರೆಗೆ ಕಾಯಬೇಕು. ಮನೆಯೊಳಗೆ ಕಾಳಿಗೆ ಬೂದಿ, ಧಾನ್ಯಕ್ಕೆ ಒಣ ಬೇವಿನ ಎಲೆ. ಈಗ ಹಗೇವು ಉಳಿದಿಲ್ಲ, ತಗಡಿನ ಕಣಜ ಬಂದಿದೆ. ಆದರೆ ನಿಯಮ ಅದೇ: ಚೆನ್ನಾಗಿ ಒಣಗಿಸಿ ತುಂಬಬೇಕು, ಗಾಳಿ ಮತ್ತು ಹಸಿ ತಾಗಗೊಡಬಾರದು.

ಇದೇ ನಿಯಮದ ಮೇಲೆ ನಿಂತದ್ದು ಸೊಲ್ಲಾಪುರದ ಖಡಕ್ ರೊಟ್ಟಿ. ಜೋಳದ ಹಿಟ್ಟಿಗೆ ಗೋದಿಯಂತೆ ಅಂಟು ಇಲ್ಲ. ಆದುದರಿಂದ ಕುದಿಯುವ ನೀರು ಹಾಕಿ, ಮಿದ್ದಿ ಮಿದ್ದಿ ಜಿಗಿ ತರಬೇಕು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಎಂಟು ಹತ್ತು ದಿನಕ್ಕೆ ಸಾಕಾಗುವಷ್ಟೇ ಬೀಸಿಸುವ ರೂಢಿ ಬಂದದ್ದು ಇದರಿಂದ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಬದಿಗೆ ನಿಲ್ಲಿಸಿ ಮೆಲ್ಲಗೆ ಕಾಯಿಸಿದರೆ ಒಳಗಿನ ನೀರೆಲ್ಲ ಹೋಗುತ್ತದೆ. ನೀರಿಲ್ಲದಲ್ಲಿ ಬೂಷ್ಟು ಬೆಳೆಯದು. ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಹೊಲಕ್ಕೆ ಹೋಗುವವನಿಗೆ, ದಿಂಡಿಯಲ್ಲಿ ಪಂಢರಪುರಕ್ಕೆ ನಡೆಯುವವನಿಗೆ, ಗಾಡಿ ಹೂಡಿಕೊಂಡು ಜಾತ್ರೆಗೆ ಬರುವವನಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಇನ್ನೊಂದಿಲ್ಲ.

ರೊಟ್ಟಿಯ ಜೊತೆಗಾರ ಶೇಂಗಾ ಹಿಂಡಿ. ಶೇಂಗಾವನ್ನು ಹದವಾಗಿ ಹುರಿದು, ಸಿಪ್ಪೆ ತೆಗೆದು, ಬೆಳ್ಳುಳ್ಳಿ, ಜೀರಿಗೆ, ಖಾರದ ಪುಡಿ, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಬೇಕು. ಕುಟ್ಟುತ್ತ ಹೋದಂತೆ ಶೇಂಗಾದ ಎಣ್ಣೆ ತಾನೇ ಬಿಟ್ಟು ಹಿಂಡಿ ಮುದ್ದೆಯಾಗುತ್ತದೆ. ಮಿಕ್ಸರಿನಲ್ಲಿ ತಿರುವಿದರೆ ಪುಡಿಯಾಗುತ್ತದೆ, ಆ ರುಚಿ ಬಾರದು. ನೂರು ಗ್ರಾಮ್ ಶೇಂಗಾದಲ್ಲಿ ಸುಮಾರು 24 ಗ್ರಾಮ್ ಪ್ರೋಟೀನ್ ಇದೆ, ಸುಮಾರು 40 ಗ್ರಾಮ್ ಕೊಬ್ಬೂ ಇದೆ. ಆದುದರಿಂದ ಹಿಂಡಿ ಒಂದೆರಡು ಚಮಚೆ ಸಾಕು, ಬಟ್ಟಲುಗಟ್ಟಲೆ ಬೇಡ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಪುಟಾಣಿ ಹಿಂಡಿ ಇವೂ ಇದರ ಅಕ್ಕತಂಗಿಯರೇ. ವಾರಕ್ಕೊಂದು ಬದಲಿಸಿ ತಿಂದರೆ ಬಾಯಿಗೂ ಹಿತ, ಮೈಗೂ ಹಿತ.

ಒಂದು ಎಚ್ಚರಿಕೆಯನ್ನು ತಾಯಂದಿರು ಮರೆಯಬಾರದು. ಬೂಷ್ಟು ಹಿಡಿದ, ಕಪ್ಪಗಾದ, ಮುರುಟಿದ ಶೇಂಗಾವನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಅದು ಲಿವರಿಗೆ ಕೇಡು, ಹುರಿದ ಮಾತ್ರಕ್ಕೆ ಪೂರ್ತಿ ಹೋಗುವುದಿಲ್ಲ. ಅಂಥ ಕಾಳನ್ನು ಆರಿಸಿ ಎಸೆಯಬೇಕು, ದನಕ್ಕೂ ಹಾಕಬಾರದು. ಹಿಂಡಿಗೆ ಕಮಟು ವಾಸನೆ ಬಂದರೆ ಅದನ್ನೂ ಬಿಡಬೇಕು. ಸ್ವಲ್ಪ ಸ್ವಲ್ಪ ಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವುದೇ ಜಾಣತನ.

ಬೇಸಿಗೆ ಬಂದರೆ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ, ಕುರುಡಿಗೆ. ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ ಬಾಳಕದ ಮೆಣಸಿನಕಾಯಿ. ಚಳಿಗಾಲದಲ್ಲಿ ಚಿವುಟಿ ಒಣಗಿಸಿದ ಕಡಲೆ ಪಲ್ಯ, ಚವಳಿಕಾಯಿ. ಸೊಲ್ಲಾಪುರದ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ಆದರೆ ಆ ಬಿಸಿಲೇ ಬಡವರ ಶೀತಪೆಟ್ಟಿಗೆ. ಕಾಯಿಪಲ್ಯ ಸಿಕ್ಕದ ದಿನ, ಕೈಯಲ್ಲಿ ರೊಕ್ಕವಿಲ್ಲದ ದಿನ, ಹೊತ್ತಲ್ಲದ ಹೊತ್ತಿನಲ್ಲಿ ಬೀಗರು ಬಂದ ದಿನ ಮನೆಯ ಮಾನ ಕಾಯ್ದದ್ದು ಈ ಡಬ್ಬಿಗಳೇ. ಉಪ್ಪಿನಕಾಯಿಯಲ್ಲಿ ಉಪ್ಪು ಹೋಳಿನ ನೀರನ್ನು ಎಳೆಯುತ್ತದೆ, ಎಣ್ಣೆ ಮೇಲೆ ನಿಂತು ಗಾಳಿ ತಡೆಯುತ್ತದೆ. ಒಂದು ಹಸಿ ಚಮಚೆ ಮುಟ್ಟಿದರೆ ವರ್ಷದ ಭರಣಿ ಹೋಯಿತು.

ಆದರೆ ಹಳೆಯದೆಲ್ಲವೂ ಅಮೃತವೆಂದು ತಿಳಿಯುವುದೂ ಸರಿಯಲ್ಲ. ಹಪ್ಪಳ, ಉಪ್ಪಿನಕಾಯಿ, ಬಾಳಕ ಎಲ್ಲದರಲ್ಲಿಯೂ ಉಪ್ಪು ಬಹಳ. ದಿನಕ್ಕೆ ಒಬ್ಬರಿಗೆ 5 ಗ್ರಾಮ್, ಎಂದರೆ ಒಂದು ಚಹಾ ಚಮಚೆಯಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಗಲೆಲ್ಲ ಹೊಲದಲ್ಲಿ ಬೆವರು ಸುರಿಸುವವನಿಗೆ ನಡೆದದ್ದು, ಗಲ್ಲೆಯ ಮೇಲೆ ಕೂತವನಿಗೆ ನಡೆಯುವುದಿಲ್ಲ. ರಕ್ತದ ಒತ್ತಡ ಇದ್ದವರು ಉಪ್ಪಿನಕಾಯಿಯನ್ನು ನಾಲಿಗೆಗೆ ತೋರಿಸಿದರೆ ಸಾಕು.

ಇನ್ನು ಇಂದಿನ ಸ್ಥಿತಿ. ಭೀಮಾ ನದಿಗೆ ಉಜನಿ ಆಣೆಕಟ್ಟು ಬಂದ ಮೇಲೆ ಜಿಲ್ಲೆಯಲ್ಲಿ ಕಬ್ಬು ಹೆಚ್ಚಿತು, ಕೈಗೆ ರೊಕ್ಕ ಬಂತು. ಅದು ಒಳ್ಳೆಯದೇ. ಆದರೆ ಮುಂಜಾನೆ ಚಹಾದಲ್ಲಿ ಖಾರಿ ಬಿಸ್ಕೀಟು, ಶಾಲೆಯ ಡಬ್ಬಿಯಲ್ಲಿ ಕುರುಕುಲು ಪೊಟ್ಟಣ, ಸಂಜೆಗೆ ಭಜಿ, ವಡಾಪಾವು, ರಾತ್ರಿ ಬಿಳಿ ಅನ್ನದ ಗುಡ್ಡೆ ಎಂದಾದರೆ ದೇಹ ಎಷ್ಟು ದಿನ ತಾಳೀತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾಯಿತು. ನೂರು ಗ್ರಾಮ್ ಜೋಳದಲ್ಲಿ ಸುಮಾರು 10 ಗ್ರಾಮ್ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿನಷ್ಟೂ ಇಲ್ಲ. ನಾರಿದ್ದರೆ ಹೊಟ್ಟೆ ಬೇಗ ತುಂಬುತ್ತದೆ, ಸಕ್ಕರೆ ರಕ್ತಕ್ಕೆ ಮೆಲ್ಲಗೆ ಸೇರುತ್ತದೆ. ಹಾಗೆಂದು ಸಕ್ಕರೆ ಕಾಯಿಲೆಯವರು ಜೋಳವೆಂದು ಆರು ರೊಟ್ಟಿ ತಿನ್ನಬಾರದು. ಬೆಲ್ಲವೂ ಅವರಿಗೆ ಸಕ್ಕರೆಯೇ. ರೊಟ್ಟಿ ಗುಳಿಗೆಯ ಬದಲಿ ಅಲ್ಲ. ಡಾಕ್ಟರರ ಔಷಧ ಬಿಡಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ, ಗಂಡಸರು ಗಮನವಿಟ್ಟು ಕೇಳಬೇಕು. ಹತ್ತು ಜನರ ಮನೆಯಲ್ಲಿ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವವಳು ಸೊಸೆ. ಬಿಸಿ ರೊಟ್ಟಿ ಮಾವನಿಗೆ, ಗಂಡನಿಗೆ, ಮಕ್ಕಳಿಗೆ. ಎಲ್ಲರದೂ ಮುಗಿದ ಮೇಲೆ ಅವಳು ಕೂಡುವಾಗ ಪಲ್ಯದ ಗಡಿಗೆ ತಳ ಕಂಡಿರುತ್ತದೆ. ಅವಳಿಗೆ ಉಳಿದದ್ದು ತಣ್ಣನ್ನ ರೊಟ್ಟಿ, ಹಿಂಡಿ, ಮೇಲೊಂದು ಚಹಾ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ದಣಿವು, ತಲೆ ತಿರುಗುವುದು, ಉಸಿರು ಕಟ್ಟುವುದು ಇವನ್ನು ಸೋಮಾರಿತನವೆಂದು ಜರೆಯುವ ಮನೆಗಳಿವೆ. ಬಸುರಿ ಬಾಣಂತಿಯರಿಗಂತೂ ಇದು ಜೀವದ ಪ್ರಶ್ನೆ. ಅನ್ನಪೂರ್ಣೆಗೆ ಕೈ ಮುಗಿದು, ಅಡಿಗೆ ಮಾಡುವವಳನ್ನು ಅರೆಹೊಟ್ಟೆಯಲ್ಲಿ ಇಟ್ಟರೆ ಆ ಪೂಜೆ ಯಾವ ದೇವರಿಗೆ ಮುಟ್ಟೀತು?

ಅದಕ್ಕಾಗಿ ಪ್ರತಿ ಮನೆಯೂ ಈ ಕೆಲವು ಕಟ್ಟಳೆ ಹಾಕಿಕೊಳ್ಳಲಿ.

1. ದಿನಕ್ಕೊಂದು ಹೊತ್ತಾದರೂ ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಿ. ಅಡಿಗೆ ಮಾಡಿದವಳ ತಾಟು ಎಲ್ಲರ ತಾಟಿನ ಜೊತೆಗೆ ಬೀಳಲಿ.

2. ದಿನಾಲು ಒಂದು ಸೊಪ್ಪು ಇರಲಿ: ಪುಂಡಿ, ಮೆಂತೆ, ರಾಜಗಿರಿ, ಹಕ್ಕರಕಿ. ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಕೂಡಲೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ, ಒಂದು ತಾಸು ತಡೆಯಿರಿ. ದಣಿವು ಹೋಗದಿದ್ದರೆ ಸರಕಾರಿ ದವಾಖಾನೆಯಲ್ಲಿ ರಕ್ತ ತೋರಿಸಬೇಕು.

3. ಮಡಿಕೆ, ಹೆಸರು, ಹುರುಳಿ ಕಾಳನ್ನು ಮೊಳಕೆ ಕಟ್ಟಿ ವಾರದಲ್ಲಿ ಮೂರು ಸಲವಾದರೂ ಉಣ್ಣಬೇಕು. ಖರ್ಚು ಕಡಿಮೆ, ಕಸುವು ಹೆಚ್ಚು.

4. ಕರಿದದ್ದು ಹಬ್ಬಕ್ಕಿರಲಿ. ಹಪ್ಪಳವನ್ನು ಕೆಂಡದ ಮೇಲೆ ಸುಟ್ಟರೂ ರುಚಿಯೇ.

5. ಮಕ್ಕಳ ಡಬ್ಬಿಗೆ ಪೊಟ್ಟಣದ ಬದಲು ಶೇಂಗಾ ಉಂಡಿ, ಹುರಿಗಡಲೆ, ಬಾಳೆಹಣ್ಣು ಹೋಗಲಿ.

6. ಹಿಟ್ಟು ನಾದಲು, ಸೊಪ್ಪು ಸೋಸಲು, ಹಿಂಡಿ ಕುಟ್ಟಲು ಗಂಡುಮಕ್ಕಳೂ ಕೈಹಚ್ಚಲಿ. ಮಗಳಿಗಷ್ಟೇ ಕಲಿಸಿದ ವಿದ್ಯೆ ಅರ್ಧ ಮನೆಗೆ ಕಲಿಸಿದಂತೆ.

ಬೀಡಿ ಕಟ್ಟಿ, ಕಾರಖಾನೆಯಲ್ಲಿ ಹೊಲಿದು ಬರುವ ಹೆಣ್ಣುಮಕ್ಕಳಿಗೆ ರೊಟ್ಟಿ ಬಡಿಯಲು ಹೊತ್ತೆಲ್ಲಿದೆ ಎಂದು ಕೇಳಬಹುದು. ನ್ಯಾಯದ ಪ್ರಶ್ನೆ. ಸೊಲ್ಲಾಪುರದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುವುದೇ ಎಷ್ಟೋ ಮನೆಗಳಿಗೆ ಅನ್ನದ ದಾರಿಯಾಗಿದೆ, ಪುಣೆ ಮುಂಬಯಿಗೂ ಮಾಲು ಹೋಗುತ್ತದೆ. ಅಂಥವರಿಂದ ವಾರದ ರೊಟ್ಟಿ ಕೊಂಡರೆ ಕೊಂಡವಳ ಕೈಗೆ ಬಿಡುವು, ಮಾಡಿದವಳ ಕೈಗೆ ರೊಕ್ಕ. ಅಂಗಡಿಯ ಪಾವಿಗೆ ಕೊಡುವ ರೊಕ್ಕ ಅಲ್ಲಿಗೆ ಹೋಗಲಿ. ರೊಟ್ಟಿಯ ಬುಟ್ಟಿ ತುಂಬಿದ್ದರೆ ರಾತ್ರಿ ಒಂದು ಬೇಳೆಯೋ ಪಲ್ಯವೋ ಮಾಡಿದರೆ ಊಟ ಆಯಿತು.

ಅಕ್ಕಲಕೋಟೆಯಲ್ಲಿ 1988ರಲ್ಲಿ ಆರಂಭವಾದ ಶ್ರೀ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳದಲ್ಲಿ ದಿನಾಲು ಸಾವಿರಾರು ಜನ ಪಂಕ್ತಿಯಲ್ಲಿ ಕೂತು ಪ್ರಸಾದ ಸ್ವೀಕರಿಸುತ್ತಾರೆ. ಅಲ್ಲಿ ಹೆಣ್ಣು ಗಂಡು, ದೊಡ್ಡವ ಸಣ್ಣವ ಎಂಬ ಭೇದವಿಲ್ಲದೆ ಒಂದೇ ಅಡಿಗೆ, ಒಂದೇ ಹೊತ್ತಿಗೆ. ದೇವಸ್ಥಾನದಲ್ಲಿ ಒಪ್ಪಿಕೊಂಡ ಈ ಪದ್ಧತಿಯನ್ನು ಭಕ್ತರು ಮನೆಯ ಹೊಸ್ತಿಲೊಳಗೂ ಒಯ್ಯಬೇಕು. ದಾಸೋಹವು ಮನೆಯಿಂದಲೇ ಮೊದಲಾಗಬೇಕು.

ಊಟ ಬಲ್ಲವನಿಗೆ ರೋಗವಿಲ್ಲವೆಂದು ಗಾದೆಯಿದೆ. ಈ ಜಾತ್ರೆಯಿಂದ ಹಿಂತಿರುಗುವಾಗ ಬೆಂಡು ಬತ್ತಾಸಿನ ಜೊತೆಗೆ ಈ ಒಂದು ಸಂಕಲ್ಪವನ್ನೂ ಪ್ರತಿಯೊಬ್ಬರೂ ಕಟ್ಟಿಕೊಂಡು ಹೋಗಲಿ. ಶ್ರೀ ಸಿದ್ಧರಾಮೇಶ್ವರರ ಕೃಪೆಯಿಂದ ಎಲ್ಲರ ಮನೆಯ ಕಣಜ ತುಂಬಿರಲಿ, ರೊಟ್ಟಿಯ ಬುಟ್ಟಿ ಬರಿದಾಗದಿರಲಿ, ಬಡಿಸುವ ತಾಯಿಯ ಹೊಟ್ಟೆಯೂ ತಣ್ಣಗಿರಲಿ.

ಸರ್ವೇ ಜನಾಃ ಸುಖಿನೋ ಭವಂತು.