ಮೊತ್ತ ನೋಡಬೇಡಿ, ಅಂಕ ಎಲ್ಲಿ ಹೋಯಿತು ನೋಡಿ

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಂದು ಬಹುಮಾನ ಪಡೆದ ಮಕ್ಕಳಿಗೆಲ್ಲ ನನ್ನ ಅಭಿನಂದನೆಗಳು. ಆದರೆ ನನ್ನ ಮಾತು ಮುಖ್ಯವಾಗಿ ಅವರಿಗಲ್ಲ. ಹಿಂದಿನ ಸಾಲುಗಳಲ್ಲಿ ಕೆಲವು ಮಕ್ಕಳು ಕುಳಿತಿದ್ದಾರೆ. ನೀಟ್ ಬರೆದು, ಸೀಟು ಸಿಗುವಷ್ಟು ಅಂಕ ಬಾರದೆ, ಇನ್ನೊಂದು ವರ್ಷ ಕೂರುವುದೋ ಬೇಡವೋ ಎಂದು ಮನೆಯಲ್ಲಿ ದಿನವೂ ಚರ್ಚೆ ನಡೆಯುತ್ತಿರುವ ಮಕ್ಕಳು. ಅವರೂ ಅವರ ತಂದೆತಾಯಿಯರೂ ಸ್ವಲ್ಪ ಹೊತ್ತು ಕಿವಿಗೊಡಬೇಕು. ನಾನು ಒಂದು ತಪ್ಪು ಮಾಡಿದ್ದೇನೆ. ಅದನ್ನು ಹೇಳಿಕೊಳ್ಳದೆ ಉಪದೇಶ ಮಾಡುವ ಹಕ್ಕು ನನಗಿಲ್ಲ.

2019ರ ಜೂನ್ ತಿಂಗಳು. ನೀಟ್ ಫಲಿತಾಂಶ ಬಂದ ವಾರದಲ್ಲೇ ಇಬ್ಬರು ತಂದೆಯರು ನನ್ನ ಬಳಿ ಬಂದಿದ್ದರು. ಒಬ್ಬರ ಮಗನಿಗೆ 720ಕ್ಕೆ 240 ಅಂಕ. ಇನ್ನೊಬ್ಬರ ಮಗಳಿಗೆ 351. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಇನ್ನೊಂದು ವರ್ಷ ಓದಿಸಲೇ?" ಹುಡುಗನ ತಂದೆಗೆ ನಾನು, "ಹುಡುಗ ಚುರುಕಿದ್ದಾನೆ, ಒಳ್ಳೆಯ ಕೋಚಿಂಗ್‌ಗೆ ಹಾಕಿ" ಎಂದೆ. ಹುಡುಗಿಯ ತಂದೆಗೆ, "351ಕ್ಕೆ ಸರ್ಕಾರಿ ಸೀಟು ಬರುವುದಿಲ್ಲ. ಖಾಸಗಿ ನಿಮ್ಮ ಕೈಗೆ ಎಟುಕುವುದಿಲ್ಲ. ಬಿ.ಎಸ್ಸಿ. ಮಾಡಿಸಿಬಿಡಿ" ಎಂದೆ. 240 ಬಂದವನಿಗೆ ಇನ್ನೊಂದು ವರ್ಷ, 351 ಬಂದವಳಿಗೆ ಬಿ.ಎಸ್ಸಿ. ಇದನ್ನು ಹೇಳುವಾಗ ನನ್ನ ನಾಲಿಗೆ ತಡವರಿಸಲಿಲ್ಲ. ಆ ತಂದೆಯೂ ಮರುಮಾತಾಡದೆ ತಲೆಯಾಡಿಸಿ ಹೋದರು. ನಮ್ಮಲ್ಲಿ ಇದು ಎಷ್ಟು ಸಹಜವಾಗಿ ನಡೆದುಹೋಗುತ್ತದೆ ಎಂಬುದನ್ನು ಇಲ್ಲಿರುವ ಹೆಣ್ಣುಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ.

ಹುಡುಗ ಎರಡು ವರ್ಷ ಕೋಚಿಂಗ್‌ಗೆ ಹೋದ. ತಾಯಿಯ ಒಡವೆ ಹೋಯಿತು. ಮೊದಲ ವರ್ಷ 268, ಎರಡನೆಯ ವರ್ಷ 281. ಅವನು ಸೋಮಾರಿಯಲ್ಲ, ಬೆಳಗಿನ ಐದಕ್ಕೆ ಎದ್ದು ಓದಿದ ಹುಡುಗ. ಆದರೆ ಮೊದಲ ಸಲ ಅಂಕ ಏಕೆ ಹೋಯಿತೆಂದು ಅವನೂ ನೋಡಲಿಲ್ಲ, ಕೋಚಿಂಗ್‌ನವರೂ ನೋಡಲಿಲ್ಲ, ನಾನಂತೂ ನೋಡಲೇ ಇಲ್ಲ. ಅದೇ ಪಾಠಗಳನ್ನು ಅದೇ ರೀತಿಯಲ್ಲಿ ಮೂರು ಬಾರಿ ಓದಿದ. (ಕೋಚಿಂಗ್ ಜಾಹೀರಾತುಗಳಲ್ಲಿ ಸೀಟು ಸಿಕ್ಕವರ ಫೋಟೋಗಳು ಸಾಲಾಗಿ ಇರುತ್ತವೆ. ಸಿಗದವರ ಫೋಟೋ ಹಾಕಲು ಪತ್ರಿಕೆಯಲ್ಲಿ ಜಾಗ ಸಾಲದು.)

ಇನ್ನು ಆ ಹುಡುಗಿ. 2023ರಲ್ಲಿ ಅವಳ ತಂಗಿ ನಮ್ಮ ಕಾಲೇಜಿನಲ್ಲಿ ದ್ವಿತೀಯ ಪಿಯುಸಿಗೆ ಬಂದಾಗ ಅಕ್ಕ ಒಂದು ಹಳೆಯ ಫೈಲು ಹಿಡಿದುಕೊಂಡು ನನ್ನ ಬಳಿ ಬಂದಳು. "ಸಾರ್, ನಾನು ಎಲ್ಲಿ ತಪ್ಪಿದೆನೋ ಅಲ್ಲಿ ಇವಳು ತಪ್ಪಬಾರದು, ಸ್ವಲ್ಪ ನೋಡಿಕೊಡಿ" ಎಂದಳು. ಫೈಲಿನಲ್ಲಿ 2019ರ ಪ್ರಶ್ನೆಪತ್ರಿಕೆ ಇತ್ತು, ಅವಳ ಓಎಂಆರ್ ಹಾಳೆಯ ಪ್ರತಿ ಇತ್ತು. ಈ ಪ್ರತಿಯನ್ನೂ ಉತ್ತರ ಸೂಚಿಯನ್ನೂ ಪರೀಕ್ಷೆ ನಡೆಸುವ ಎನ್‌ಟಿಎ ಸಂಸ್ಥೆಯೇ ಪ್ರಕಟಿಸುತ್ತದೆ. ಇಳಿಸಿಕೊಳ್ಳಲು ಕೆಲವೇ ದಿನ ಅವಕಾಶವಿರುತ್ತದೆ. ನಮ್ಮ ಮಕ್ಕಳಲ್ಲಿ ಬಹಳ ಜನ ಅದನ್ನು ಇಳಿಸಿಕೊಳ್ಳುವುದೇ ಇಲ್ಲ.

ಅಂದು ಸಂಜೆ ಕುಳಿತು ನೋಡಿದೆ. ಜೀವಶಾಸ್ತ್ರದಲ್ಲಿ 360ಕ್ಕೆ 262. ರಸಾಯನಶಾಸ್ತ್ರದಲ್ಲಿ 180ಕ್ಕೆ 71. ನನ್ನ ವಿಷಯ ಭೌತಶಾಸ್ತ್ರದಲ್ಲಿ 180ಕ್ಕೆ ಹದಿನೆಂಟು! 45 ಪ್ರಶ್ನೆಗಳಲ್ಲಿ 42ಕ್ಕೆ ಉತ್ತರ ಗುರುತಿಸಿದ್ದಳು. ಸರಿ 12, ತಪ್ಪು 30. ಸರಿಯುತ್ತರಕ್ಕೆ ನಾಲ್ಕರಂತೆ 48, ತಪ್ಪಿಗೆ ಒಂದರಂತೆ 30 ಕಳೆದರೆ 18. ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿಹೋಗುತ್ತದೆ. 42ಕ್ಕೆ 12 ಎಂದರೆ ಅದಕ್ಕಿಂತ ಹೆಚ್ಚೇನಲ್ಲ. ಎರಡು ವರ್ಷ ನನ್ನ ತರಗತಿಯ ಎರಡನೆಯ ಬೆಂಚಿನಲ್ಲಿ ಕುಳಿತು ನೋಟ್ಸ್ ಬರೆದುಕೊಂಡ ಹುಡುಗಿಗೆ ನನ್ನ ವಿಷಯ ಬಂದೇ ಇರಲಿಲ್ಲ!

ಆ ಮೂವತ್ತು ತಪ್ಪುಗಳನ್ನು ಅವಳನ್ನೇ ಕೂರಿಸಿಕೊಂಡು ಒಂದೊಂದಾಗಿ ಬಿಡಿಸಿದೆ. ಆರು ಪ್ರಶ್ನೆಗಳ ಪಾಠವೇ ಅವಳಿಗೆ ಗೊತ್ತಿರಲಿಲ್ಲ. ಹದಿಮೂರರಲ್ಲಿ ಸೂತ್ರ ಸರಿ, ಲೆಕ್ಕ ತಪ್ಪು. ಉಳಿದ ಹನ್ನೊಂದರಲ್ಲಿ ಪ್ರಶ್ನೆಯ ವಾಕ್ಯವೇ ಅರ್ಥವಾಗಿರಲಿಲ್ಲ.

ಹತ್ತನೆಯ ತರಗತಿಯವರೆಗೆ ಅವಳದು ಉರ್ದು ಮಾಧ್ಯಮ. ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್. ಜೀವಶಾಸ್ತ್ರದ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಿ ಗೆದ್ದಳು. ಭೌತಶಾಸ್ತ್ರದ ಇಂಗ್ಲಿಷ್ ಮೋಸದ ಇಂಗ್ಲಿಷ್. ಪದಗಳು ಚಿಕ್ಕವು, ಮನೆಮಾತಿನಂತೆ ಕಾಣುತ್ತವೆ, ಅರ್ಥ ಬೇರೆ. 'ಲೈಟ್ ಸ್ಟ್ರಿಂಗ್' ಎಂದರೆ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲದ ದಾರ. ಅವಳು ಬೆಳಕಿನ ದಾರ ಎಂದುಕೊಂಡಿದ್ದಳು. 'ಸ್ಮೂತ್' ಎಂದರೆ ಘರ್ಷಣೆ ಇಲ್ಲ, ಆ ಬಲವನ್ನು ಸೊನ್ನೆ ಎಂದು ಬರೆದುಕೋ ಎಂದರ್ಥ. 'ಫ್ರಮ್ ರೆಸ್ಟ್' ಎಂದರೆ ಆರಂಭದ ವೇಗ ಸೊನ್ನೆ. ಇವು ವಿಶೇಷಣಗಳಲ್ಲ, ಪ್ರಶ್ನೆ ಕೊಡುವವನು ಗುಟ್ಟಾಗಿ ಕೈಗಿಡುವ ಸಂಖ್ಯೆಗಳು. ಮೂವತ್ತು ವರ್ಷದ ಅಭ್ಯಾಸದಿಂದ ನನಗೆ ಇದು ಹೇಳಬೇಕಾದ ವಿಷಯ ಎಂದೇ ಅನ್ನಿಸಿರಲಿಲ್ಲ.

ಲೆಕ್ಕದ ಕಥೆಯೂ ಹಾಗೆಯೇ. ಪಿಯುಸಿಯಲ್ಲಿ ಅವಳು ಗಣಿತ ತೆಗೆದುಕೊಂಡಿರಲಿಲ್ಲ. ವೈದ್ಯಕೀಯಕ್ಕೆ ಗಣಿತ ಏಕೆ ಎಂದು ಮನೆಯಲ್ಲೂ ಹೇಳಿದ್ದರು, ಕಾಲೇಜಿನಲ್ಲೂ ಹೇಳಿದ್ದರು. ನಿಯಮದ ಪ್ರಕಾರ ಬೇಕಿಲ್ಲ, ನಿಜ. ಆದರೆ ಮೈಕ್ರೋ ಕೂಲಂಬ್ ಅನ್ನು ಹತ್ತರ ಘಾತ ಮೈನಸ್ ಆರು ಎಂದು ಬರೆಯಲು, ಮೂವತ್ತು ಡಿಗ್ರಿಯ ಸೈನ್ ಅರ್ಧ ಎಂದು ನೆನಪಿಡಲು, ನಕ್ಷೆಯ ಇಳಿಜಾರು ಏನನ್ನು ಹೇಳುತ್ತದೆ ಎಂದು ನೋಡಲು ಗಣಿತ ಬೇಕು. ಅದು ಪಿಯುಸಿ ಗಣಿತವೂ ಅಲ್ಲ, ಬಹುಪಾಲು ಎಂಟರಿಂದ ಹತ್ತನೆಯ ತರಗತಿಯ ಗಣಿತ. ಮೂರು ತಿಂಗಳು ಕುಳಿತರೆ ಸರಿಮಾಡಬಹುದಾದ ರೋಗ.

ಈಗ ಲೆಕ್ಕ ಹಾಕಿ. ನೀಟ್‌ನಲ್ಲಿ ಒಂದು ತಪ್ಪು ಸರಿಯಾದರೆ ಬರುವುದು ನಾಲ್ಕಲ್ಲ, ಐದು ಅಂಕ. ಕಳೆಯುತ್ತಿದ್ದ ಒಂದೂ ಉಳಿಯುತ್ತದೆ. ಹದಿಮೂರೂ ಹನ್ನೊಂದೂ ಸೇರಿ ಇಪ್ಪತ್ತನಾಲ್ಕು. ಐದರಂತೆ ನೂರಿಪ್ಪತ್ತು. 351 ಇದ್ದದ್ದು 471. ಎಲ್ಲವೂ ಸರಿಯಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅರ್ಧ ಸರಿಯಾಗಿದ್ದರೂ ಆ ತಂದೆಗೆ ನಾನು ಕೊಟ್ಟ ಸಲಹೆ ಬೇರೆಯೇ ಆಗಿರಬೇಕಿತ್ತು. ಹುಡುಗನ ಅಂಕ ಮೂರು ವಿಷಯಗಳಲ್ಲೂ ಹರಡಿಕೊಂಡು ಹೋಗಿತ್ತು. ಅದನ್ನು ಸರಿಮಾಡಲು ನಿಜಕ್ಕೂ ಸಮಯ ಬೇಕು. ಹುಡುಗಿಯದು ಒಂದೇ ಕಡೆಯ ತೂತು. ನಾನು ಮೊತ್ತ ಮಾತ್ರ ನೋಡಿದ್ದೆ.

ಆದ್ದರಿಂದ ಮಕ್ಕಳೇ, ಮತ್ತೆ ಬರೆಯಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಓಎಂಆರ್ ಪ್ರತಿ, ಪ್ರಶ್ನೆಪತ್ರಿಕೆ, ಉತ್ತರ ಸೂಚಿ ಮೂರನ್ನೂ ಹರಡಿಕೊಂಡು ಕುಳಿತುಕೊಳ್ಳಿ. ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ. 'ಗಡಿಬಿಡಿಯಲ್ಲಿ ತಪ್ಪಿತು' ಎಂದು ಬರೆಯಬೇಡಿ. ಅದು ಕಾರಣವಲ್ಲ, ನೆಪ. ಪಾಠ ಗೊತ್ತಿರಲಿಲ್ಲವೇ, ಪ್ರಶ್ನೆ ಅರ್ಥವಾಗಲಿಲ್ಲವೇ, ಲೆಕ್ಕ ತಪ್ಪಿತೇ? ಮಾಕ್ ಟೆಸ್ಟ್ ಬರೆಯುವವರಿಗೂ ಇದನ್ನೇ ಹೇಳುತ್ತೇನೆ. ಮೂರು ಗಂಟೆ ಬರೆದರೆ ಆರು ಗಂಟೆ ತಪ್ಪುಗಳ ಜೊತೆ ಕೂರಬೇಕು. ವಾರಕ್ಕೆ ನಾಲ್ಕು ಟೆಸ್ಟ್ ಬರೆದು ಅಂಕ ಮಾತ್ರ ನೋಡಿಕೊಳ್ಳುವವನು ತೂಕದ ಯಂತ್ರದ ಮೇಲೆ ಹತ್ತಿ ಇಳಿಯುತ್ತಿದ್ದರೆ ತೆಳ್ಳಗಾಗುತ್ತೇನೆ ಎಂದುಕೊಂಡವನ ಹಾಗೆ.

ತಂದೆತಾಯಿಯರಿಗೆ ಕೆಲವು ವಿಷಯ ತಿಳಿದಿರಲಿ. 'ಕ್ವಾಲಿಫೈ' ಆಗುವುದು ಬೇರೆ, ಸೀಟು ಸಿಗುವುದು ಬೇರೆ. 2019ರಲ್ಲಿ ಸಾಮಾನ್ಯ ವರ್ಗದವರು ಕ್ವಾಲಿಫೈ ಆಗಲು 720ಕ್ಕೆ 134 ಸಾಕಾಗಿತ್ತು. 50ನೇ ಪರ್ಸೆಂಟೈಲ್ ಎಂದರೆ ಶೇಕಡ 50 ಅಂಕವಲ್ಲ, ಬರೆದವರಲ್ಲಿ ಅರ್ಧದಷ್ಟು ಮಂದಿಗಿಂತ ಮೇಲೆ ಇರುವುದು. ಇದು ತಿಳಿಯದೆ ಮಿಠಾಯಿ ಹಂಚಿ, ಕೌನ್ಸೆಲಿಂಗ್ ಮುಗಿದ ಮೇಲೆ ಅತ್ತವರನ್ನು ನಾನು ಕಂಡಿದ್ದೇನೆ.

ಪಿಯುಸಿ ಅಂಕದ ಪಾತ್ರವೂ ತಿಳಿದಿರಲಿ. ಹಿಂದೆ ವೈದ್ಯಕೀಯಕ್ಕೂ ಸಿಇಟಿಯ ಮೂಲಕ ರ‍್ಯಾಂಕ್ ಕೊಡುತ್ತಿದ್ದರು. 2016ರಲ್ಲಿ ನೀಟ್ ಮರಳಿ ಬಂದ ಮೇಲೆ ರ‍್ಯಾಂಕ್ ನೀಟ್‌ನದೇ. ಹಾಗೆಂದು ಪಿಯುಸಿಯನ್ನು ಕಡೆಗಣಿಸಿದರೆ ಬಾಗಿಲಲ್ಲೇ ತಡೆಯುತ್ತಾರೆ. ಭೌತ, ರಸಾಯನ, ಜೀವಶಾಸ್ತ್ರ ಮೂರರಲ್ಲೂ ಅರ್ಹತೆಗೆ ಬೇಕಾದ ಅಂಕ ಇರಲೇಬೇಕು. ಇಂಗ್ಲಿಷ್‌ನಲ್ಲೂ ಪಾಸಾಗಿರಬೇಕು. ನೀಟ್‌ನಲ್ಲಿ ಒಳ್ಳೆಯ ಅಂಕ ಬಂದು, ಪಿಯುಸಿಯಲ್ಲಿ ಮೂರು ಅಂಕ ಕಡಿಮೆಯಾಗಿ ಅರ್ಹತೆ ಕಳೆದುಕೊಂಡ ಹುಡುಗನೊಬ್ಬ ನನಗೆ ಗೊತ್ತು. ಅಂಥವರಿಗೆ ಈಗ ಒಂದು ದಾರಿ ಇದೆ. 2023-24ನೇ ಸಾಲಿನಿಂದ ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ, ನಾಚಿಕೆಯಂತೂ ಬೇಡವೇ ಬೇಡ.

ಜಾತಿ-ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಇವನ್ನೆಲ್ಲ ಫಲಿತಾಂಶ ಬರುವ ಮೊದಲೇ ಮಾಡಿಸಿಡಿ. ಕಷ್ಟಪಟ್ಟು ಗಳಿಸಿದ ಅಂಕವನ್ನು ತಾಲ್ಲೂಕು ಕಚೇರಿಯ ಸರದಿಯಲ್ಲಿ ಕಳೆದುಕೊಳ್ಳಬೇಡಿ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ 2018ರಿಂದ ಉರ್ದುವಿನಲ್ಲೂ ಸಿಗುತ್ತಿದೆ. ಆದರೆ ಪಿಯುಸಿಯನ್ನು ಇಂಗ್ಲಿಷ್‌ನಲ್ಲಿ ಓದಿದವರು ಅರ್ಜಿ ತುಂಬುವ ದಿನ ಆತುರದಲ್ಲಿ ಭಾಷೆ ಬದಲಾಯಿಸಬೇಡಿ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಆ ಭಾಷೆಯಲ್ಲಿ ಬರೆದು ನೋಡಿ, ಆಮೇಲೆ ತೀರ್ಮಾನಿಸಿ.

ತಂಗಿಯ ವಿಷಯ ಹೇಳಿಬಿಡುತ್ತೇನೆ, ನೀವು ಕೇಳುವವರೇ. ಅಕ್ಕ ಆ ವೇಳೆಗೆ ಬಿ.ಎಸ್ಸಿ. ಮುಗಿಸಿ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಸಂಜೆ ತಂಗಿಗೆ ಹತ್ತನೆಯ ತರಗತಿಯ ಗಣಿತ ಹೇಳಿಕೊಟ್ಟಳು. ಇಬ್ಬರೂ ಸೇರಿ ಒಂದು ನೋಟ್‌ಬುಕ್ಕಿನಲ್ಲಿ ಭೌತಶಾಸ್ತ್ರದ ಇಂಗ್ಲಿಷ್ ಪದಗಳಿಗೆ ಉರ್ದುವಿನಲ್ಲಿ ಅರ್ಥ ಬರೆದರು. ಮೊದಲ ಪುಟದ ಮೊದಲ ಪದ 'ಲೈಟ್ ಸ್ಟ್ರಿಂಗ್'. 2024ರಲ್ಲಿ ತಂಗಿಗೂ ಸೀಟು ಸಿಗಲಿಲ್ಲ. ತಂದೆ ಮತ್ತೆ ನನ್ನ ಬಳಿ ಬಂದರು. ಈ ಸಲ ನಾನು ಮೊದಲು ಓಎಂಆರ್ ಪ್ರತಿ ಕೇಳಿದೆ. 2025ರಲ್ಲಿ ಭೌತಶಾಸ್ತ್ರದ ಪತ್ರಿಕೆ ಬಹಳ ಕಠಿಣವಾಗಿತ್ತು. ಹಾಗಿದ್ದೂ ಅವಳು ಸರ್ಕಾರಿ ಸೀಟು ಪಡೆದಳು.

ಅಕ್ಕನಿಗೂ ನಾನು ಹೇಳಿದೆ. ನೀಟ್‌ಗೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದಿದ್ದಾರೆ, ಎಷ್ಟು ಸಲ ಬರೆಯಬೇಕೆಂಬ ಮಿತಿಯೂ ಇಲ್ಲ, ಯೋಚನೆ ಮಾಡು ಎಂದೆ. "ಈಗ ಬೇಡಿ ಸಾರ್, ಆಗ ಹೇಳಬೇಕಿತ್ತು" ಎಂದಳು. ಕೋಪದಿಂದ ಹೇಳಲಿಲ್ಲ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಬರುವ ಶನಿವಾರದಿಂದ ಪ್ರತಿ ಶನಿವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ನಾನು ಸಂಘದ ಕಚೇರಿಯಲ್ಲಿ ಇರುತ್ತೇನೆ. ರಸಾಯನಶಾಸ್ತ್ರದ ಇನ್ನೊಬ್ಬ ಉಪನ್ಯಾಸಕರೂ ಬರಲು ಒಪ್ಪಿದ್ದಾರೆ. ಶುಲ್ಕವೇನೂ ಇಲ್ಲ. ಅಂಕಪಟ್ಟಿ ಮಾತ್ರ ತಂದರೆ ವಾಪಸು ಕಳಿಸುತ್ತೇನೆ, ಓಎಂಆರ್ ಪ್ರತಿ ಮತ್ತು ಪ್ರಶ್ನೆಪತ್ರಿಕೆ ತನ್ನಿ. ಇನ್ನೊಂದು ಕೋರಿಕೆ: ಮಗನನ್ನು ಕರೆತರುವವರು, ಮನೆಯಲ್ಲಿ ನೀಟ್ ಬರೆದ ಮಗಳಿದ್ದರೆ ಅವಳನ್ನೂ ಕರೆತನ್ನಿ.