ಸಿಗಡಿಯ ಬಿಳಿಚುಕ್ಕೆ ರೋಗ: ಮುನ್ನೆಚ್ಚರಿಕೆಯೇ ಮದ್ದು



ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ನದಿಯ ಅಳಿವೆ ಪ್ರದೇಶದಲ್ಲಿ ಗಜನಿ ಬೇಸಾಯವು ಬಹುಕಾಲದಿಂದ ನಡೆದುಬಂದಿದೆ. ಮಳೆಗಾಲದಲ್ಲಿ ಉಪ್ಪನ್ನು ಸಹಿಸುವ ಕಗ್ಗ ಭತ್ತ. ಕೊಯ್ಲಿನ ಬಳಿಕ ಅದೇ ಗದ್ದೆಯಲ್ಲಿ, ಭರತದ ನೀರಿನೊಡನೆ ತೂಬಿನ ಮೂಲಕ ಒಳಬರುವ ಸಿಗಡಿ ಮತ್ತು ಮೀನು. 1990ರ ದಶಕದಲ್ಲಿ ರಫ್ತಿನ ಬೇಡಿಕೆ ಹೆಚ್ಚಿದಂತೆ, ಕರಾವಳಿಯ ಇಂತಹ ಭೂಮಿಗಳಲ್ಲಿ ಟೈಗರ್ ಸಿಗಡಿಯನ್ನು ದಟ್ಟವಾಗಿ ಬಿತ್ತಿ ಬೆಳೆಸುವ ಪದ್ಧತಿ ಹರಡಿತು. ಲಾಭದ ನಿರೀಕ್ಷೆಯೊಡನೆ ಒಂದು ಅಪಾಯವೂ ಬಂದಿತು.

1992-93ರಲ್ಲಿ ಪೂರ್ವ ಏಷ್ಯಾದ ದೇಶಗಳಲ್ಲಿ ಕಾಣಿಸಿಕೊಂಡ ಬಿಳಿಚುಕ್ಕೆ ರೋಗವು 1994ರಲ್ಲಿ ಭಾರತದ ಪೂರ್ವ ಕರಾವಳಿಯನ್ನು ತಲುಪಿತು. ಅನಂತರ ಪಶ್ಚಿಮ ಕರಾವಳಿಗೂ ಹಬ್ಬಿತು. ಪಶ್ಚಿಮ ಕರಾವಳಿಯಲ್ಲಿ ಈ ರೋಗದ ಸ್ವರೂಪವನ್ನು ಕುರಿತು ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ವಿಜ್ಞಾನಿಗಳು ನಡೆಸಿದ ಅಧ್ಯಯನವು 1997ರಲ್ಲಿ ಪ್ರಕಟವಾಯಿತು.

ಸೋಂಕು ತಗುಲಿದ ಸಿಗಡಿ ಮೇವು ಬಿಡುತ್ತದೆ, ಮಂಕಾಗಿ ಹೊಂಡದ ಅಂಚಿಗೆ ಬರುತ್ತದೆ. ಕೆಲವೊಮ್ಮೆ ಮೈ ಕೆಂಪೇರುತ್ತದೆ. ತಲೆಯ ಚಿಪ್ಪಿನ ಒಳಮೈಯಲ್ಲಿ ಬಿಳಿಯ ಚುಕ್ಕೆಗಳು ಮೂಡುತ್ತವೆ. ಲಕ್ಷಣಗಳು ತೋರಿದ 3ರಿಂದ 10 ದಿನಗಳೊಳಗೆ ಇಡೀ ಹೊಂಡವೇ ಬರಿದಾಗಬಹುದು. ಆದರೆ ಬೇರೆ ಕಾರಣಗಳಿಂದಲೂ ಚುಕ್ಕೆಗಳು ಮೂಡುವುದುಂಟು. ಆದ್ದರಿಂದ ಪಿ.ಸಿ.ಆರ್. ಎಂಬ ಪ್ರಯೋಗಾಲಯ ಪರೀಕ್ಷೆಯಿಂದಲೇ ರೋಗವನ್ನು ಖಚಿತಪಡಿಸಿಕೊಳ್ಳಬೇಕು. ಈ ವೈರಾಣು ಮನುಷ್ಯರಿಗೆ ತಗಲುವುದಿಲ್ಲ.

ಈ ರೋಗವನ್ನು ಗುಣಪಡಿಸುವ ಔಷಧಿ ಇಲ್ಲ. ಪ್ರತಿಜೀವಕಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲವೇ ಹೊರತು ವೈರಾಣುವನ್ನಲ್ಲ. ಅವುಗಳಿಗೆ ಹಣ ಸುರಿದರೆ ಸಿಗಡಿ ಉಳಿಯುವುದಿಲ್ಲ. ಉಳಿದ ಮಾಲಿನಲ್ಲಿ ಔಷಧಿಯ ಅಂಶ ಕಂಡುಬಂದರೆ ಅದನ್ನು ಕೊಳ್ಳುವವರೂ ಇರುವುದಿಲ್ಲ. ಕಶೇರುಕಗಳಲ್ಲಿರುವಂತೆ ಒಮ್ಮೆ ತಗುಲಿದ ರೋಗವನ್ನು ನೆನಪಿಟ್ಟು ಎದುರಿಸುವ ಪ್ರತಿಕಾಯಗಳ ವ್ಯವಸ್ಥೆ ಸಿಗಡಿಯ ದೇಹದಲ್ಲಿಲ್ಲ. ಆದಕಾರಣ ರೋಗವನ್ನು ಹೊಂಡದ ಹೊರಗೆ ತಡೆಯುವುದೊಂದೇ ದಾರಿ.

ರೋಗವು ಮರಿಯ ಮೂಲಕ, ನೀರಿನ ಮೂಲಕ, ಏಡಿಯಂತಹ ಜೀವಿಗಳ ಮೂಲಕ ಒಳಬರುತ್ತದೆ. ಪರೀಕ್ಷೆಯಲ್ಲಿ ರೋಗಮುಕ್ತವೆಂದು ಕಂಡುಬಂದ ಮರಿಯನ್ನೇ ಬಿತ್ತಬೇಕು. ಬೆಳೆ ಮುಗಿದೊಡನೆ ಹೊಂಡವನ್ನು ಬಸಿದು, ತಳದ ಮಣ್ಣು ಬಿರುಕು ಬಿಡುವಂತೆ ಬಿಸಿಲಿಗೆ ಒಣಗಿಸಬೇಕು. ಒಳಬಿಡುವ ನೀರನ್ನು ಸೂಕ್ಷ್ಮ ಬಲೆಯಲ್ಲಿ ಸೋಸಿ, ಬ್ಲೀಚಿಂಗ್ ಪುಡಿಯಿಂದ ಶುದ್ಧೀಕರಿಸಬೇಕು. ಏಡಿಗಳು ನುಸುಳದಂತೆ ಸುತ್ತಲೂ ತಡೆ ಹಾಕಬೇಕು. ಒಂದು ಹೊಂಡದ ಬಲೆ, ಬಕೆಟ್ಟುಗಳನ್ನು ಇನ್ನೊಂದರಲ್ಲಿ ಬಳಸಬಾರದು.

2009ರಲ್ಲಿ ಭಾರತದಲ್ಲಿ ವನ್ನಾಮಿ ಸಿಗಡಿಯ ಸಾಕಣೆಗೆ ಅನುಮತಿ ದೊರೆಯಿತು. ಗೊತ್ತುಪಡಿಸಿದ ರೋಗಾಣುಗಳಿಂದ ಮುಕ್ತವಾದ ತಾಯಿ ಸಿಗಡಿಗಳನ್ನು ವಿದೇಶದಿಂದ ತರಿಸಿ, ಚೆನ್ನೈನ ಸಂಪರ್ಕ ನಿಷೇಧ ಕೇಂದ್ರದಲ್ಲಿರಿಸಿ ಪರೀಕ್ಷಿಸುವ ವ್ಯವಸ್ಥೆಯನ್ನು ಮಾಡಲಾಯಿತು. ಆದರೆ ರೋಗಮುಕ್ತ ಮರಿ ಎಂದರೆ ರೋಗ ತಗಲದ ಮರಿ ಎಂದು ಭಾವಿಸುವುದು ತಪ್ಪು. ಸೋಂಕಿನ ನೀರಿಗೆ ಬಿದ್ದರೆ ಅದೂ ಸಾಯುತ್ತದೆ.

ಇಲ್ಲಿಯೇ ಕೃಷಿಕರ ಹೊಣೆ ಎದ್ದು ಕಾಣುತ್ತದೆ. ಹೊಂಡದಲ್ಲಿ ಸಾವು ಕಾಣಿಸಿದ ರಾತ್ರಿ ಸಾಲದ ಚಿಂತೆ ಕಾಡುವುದು ಸಹಜ. ಕೈಗೆ ಬಂದಷ್ಟು ಸಿಗಡಿ ಹಿಡಿದು, ಯಾರಿಗೂ ತಿಳಿಸದೆ ನೀರನ್ನು ಹೊಳೆಗೆ ಬಿಟ್ಟುಬಿಡುವ ಮನಸ್ಸಾಗುತ್ತದೆ. ಆದರೆ ಆ ನೀರು ಮುಂದಿನ ಭರತದಲ್ಲಿ ನೆರೆಯವನ ತೂಬನ್ನು ಸೇರುತ್ತದೆ. ಅಲ್ಲಿಂದ ಮತ್ತೊಬ್ಬನ ಹೊಂಡಕ್ಕೆ. ಕೊನೆಗೆ ಮರುವರ್ಷ ಬಿಟ್ಟವನ ಹೊಂಡಕ್ಕೇ ಮರಳಬಹುದು. ರೋಗದ ನೀರನ್ನು ತಡೆದು ನಿಲ್ಲಿಸಿ, ಕ್ಲೋರಿನ್‌ನಿಂದ ಶುದ್ಧೀಕರಿಸಿ, ಅದರ ಅಂಶ ಇಳಿದ ಮೇಲೆಯೇ ಹೊರಬಿಡಬೇಕು. ಸತ್ತ ಸಿಗಡಿಗಳನ್ನು ಹೊಂಡದಿಂದ ದೂರದಲ್ಲಿ ಸುಣ್ಣ ಹಾಕಿ ಹೂಳಬೇಕು. ನೆರೆಹೊರೆಯವರಿಗೂ ಮೀನುಗಾರಿಕೆ ಇಲಾಖೆಗೂ ಕೂಡಲೇ ತಿಳಿಸಬೇಕು.

2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಅಧಿನಿಯಮದ ಮೇರೆಗೆ ಸಾಕಣೆ ಕೇಂದ್ರಗಳ ನೋಂದಣಿ ಕಡ್ಡಾಯವಾಗಿದೆ. ಆದರೆ ಪ್ರತಿಯೊಂದು ತೂಬಿನ ಬಳಿಯೂ ಅಧಿಕಾರಿಯನ್ನು ನಿಲ್ಲಿಸುವುದು ಸಾಧ್ಯವಿಲ್ಲ. ಒಂದೇ ಹೊಳೆಯನ್ನು ನಂಬಿದ ಕೃಷಿಕರು ಸಂಘ ಕಟ್ಟಿಕೊಂಡು, ಒಂದೇ ಕಾಲದಲ್ಲಿ ಮರಿ ಬಿತ್ತಿ, ನೀರು ಬಿಡುವ ದಿನವನ್ನು ಕೂಡಿ ಗೊತ್ತುಮಾಡಿದರೆ ರೋಗಕ್ಕೆ ದಾರಿ ಕಿರಿದಾಗುತ್ತದೆ. ಹೊಂಡಗಳಿಗೆ ಬದು ಉಂಟು, ಹೊಳೆಯ ನೀರಿಗೆ ಬದುವಿಲ್ಲ. ಇದನ್ನು ಮನಗಂಡು ನಡೆಯುವ ಊರಿನಲ್ಲಿ ಸಿಗಡಿ ಕೃಷಿ ಉಳಿದು ಬಾಳೀತು.