ಲೋಳೆಯೊಳಗಿನ ರೋಗಾಣುಗಳು

ಕೊಪ್ಪ ತಾಲ್ಲೂಕಿನ ನಾರ್ವೆಯಂಥ ಮಲೆನಾಡಿನ ಊರುಗಳಲ್ಲಿ ಗುಡ್ಡದ ಒರತೆಯಿಂದ ಮನೆಗೆ ಅಬ್ಬಿ ನೀರು ತರುವುದು ಹಳೆಯ ರೂಢಿ. ಹಿಂದೆ ಅಡಿಕೆ ದಂಬೆಯಿತ್ತು, ಈಗ ಕಪ್ಪು ಪೈಪು. ಅದರ ಬಾಯೊಳಗೆ ಬೆರಳಾಡಿಸಿದರೆ ಜಾರುವ ಲೋಳೆ ಕೈಗೆ ಹತ್ತುತ್ತದೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನೊಳಗೆ ಒಟ್ಟಾಗಿ ಬದುಕುವ ಪದರ ಅದು, ವಿಜ್ಞಾನದಲ್ಲಿ ಬಯೋಫಿಲ್ಮ್. ಬಹುಪಾಲು ನಿರುಪದ್ರವಿಗಳೇ. ಆದರೆ ರೋಗಾಣು ಬಂದು ಸೇರಿದರೆ ಅದಕ್ಕೂ ಅಲ್ಲೇ ಆಸರೆ.

ಬ್ಯಾಕ್ಟೀರಿಯಾ ಒಂಟಿಯಾಗಿ ತೇಲಬೇಕೋ, ಅಂಟಿ ನೆಲೆಸಬೇಕೋ ಎಂಬುದು ಸುತ್ತಲಿನ ಪರಿಸರವನ್ನು ಅವಲಂಬಿಸಿದೆ. ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು, ಆಹಾರ ಉಂಟೋ ಇಲ್ಲವೋ, ಎಲ್ಲವನ್ನೂ ಬ್ಯಾಕ್ಟೀರಿಯಾ ಗ್ರಹಿಸುತ್ತದೆ. ಅನೇಕ ಜಾತಿಗಳಲ್ಲಿ ಆ ಸುದ್ದಿಯನ್ನು ಜೀವಕೋಶದೊಳಗೆ ಮುಟ್ಟಿಸುವುದು ಸೈಕ್ಲಿಕ್ ಡೈ ಜಿಎಂಪಿ ಎಂಬ ಪುಟ್ಟ ಅಣು. 1987ರಲ್ಲಿ ಜೆರುಸಲೇಮಿನ ವಿಜ್ಞಾನಿ ಮೋಶೆ ಬೆಂಜಿಮನ್ ಅವರ ತಂಡ ಇದನ್ನು ಗುರುತಿಸಿತು. ಈ ಅಣು ಹೆಚ್ಚಿದರೆ ಬ್ಯಾಕ್ಟೀರಿಯಾಗಳು ಈಜು ನಿಲ್ಲಿಸಿ ಅಂಟು ಸ್ರವಿಸತೊಡಗುತ್ತವೆ. ಕಡಿಮೆಯಾದರೆ ಪದರ ಬಿಟ್ಟು ಹೊರಡುತ್ತವೆ.

ಕಾಲರಾ ರೋಗಾಣುವಿನಲ್ಲಿ ತಂಪು ಈ ಅಣುವನ್ನು ಹೆಚ್ಚಿಸುತ್ತದೆ. ಕೆರೆ, ಹೊಳೆಗಳಲ್ಲಿ ಈ ರೋಗಾಣು ನೀರಿನ ಸೂಕ್ಷ್ಮಜೀವಿಗಳ ಮೈಗೆ ಅಂಟಿ ಕೂರುತ್ತದೆ. ಇದನ್ನರಿತ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮತ್ಲಬ್‌ನಲ್ಲಿ ಹಳೆಯ ಹತ್ತಿ ಸೀರೆಯನ್ನು ಕನಿಷ್ಠ ನಾಲ್ಕು ಬಾರಿ ಮಡಿಸಿ ನೀರು ಸೋಸುವುದನ್ನು ಹೆಂಗಸರಿಗೆ ಹೇಳಿಕೊಟ್ಟರು. ಹೊಸ ಸೀರೆಗಿಂತ ಒಗೆದೊಗೆದು ಹಳತಾದದ್ದೇ ವಾಸಿ, ಅದರ ನೂಲಿನ ಸಂದು ಕಿರಿದು. ಒಂಟಿ ರೋಗಾಣು ಅದರಲ್ಲೂ ನುಸುಳೀತು. ಅಂಟಿ ಕುಳಿತದ್ದು ಸಿಕ್ಕಿಬೀಳುತ್ತದೆ. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಾಲರಾ ಶೇ. 48ರಷ್ಟು ಇಳಿದಿತ್ತು. ಎಷ್ಟು ಸರಳ, ಎಷ್ಟು ದೊಡ್ಡ ಕೆಲಸ!

ಟೈಫಾಯಿಡ್ ವಿಚಾರ ಹೆಚ್ಚು ಆತಂಕದ್ದು. ಪಿತ್ತರಸ ಅನೇಕ ಬ್ಯಾಕ್ಟೀರಿಯಾಗಳಿಗೆ ವಿಷ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಮಾತ್ರ ಪಿತ್ತರಸ ಸೋಕಿದಾಗ ಪಿತ್ತಕೋಶದ ಕಲ್ಲಿನ ಮೇಲೆ ದಟ್ಟವಾಗಿ ಪದರ ಕಟ್ಟುತ್ತದೆ. ಜ್ವರ ಬಿಟ್ಟವರು ಗಟ್ಟಿಮುಟ್ಟಾಗಿ ತೋಟದ ಕೆಲಸ ಮಾಡಿಕೊಂಡಿರುತ್ತಾರೆ, ಕೆಲವರ ಮಲದಲ್ಲಿ ವರ್ಷಗಟ್ಟಲೆ ರೋಗಾಣು ಹೊರಬೀಳುತ್ತಿರುತ್ತದೆ. ಪದರದ ಒಳಗಿನವು ತೀರಾ ನಿಧಾನವಾಗಿ ಬೆಳೆಯುವುದರಿಂದ, ಬೆಳೆಯುವ ಹಂತದಲ್ಲಿ ಕೊಲ್ಲುವ ಔಷಧಿ ಅವಕ್ಕೆ ಸರಿಯಾಗಿ ನಾಟುವುದಿಲ್ಲ.

ನೀರಿಗೆ ಹಾಕುವ ಕ್ಲೋರಿನ್ ಕೂಡ ಪೈಪು, ಟ್ಯಾಂಕುಗಳ ಲೋಳೆಯ ಮೇಲ್ಪದರದಲ್ಲೇ ಬಹುಮಟ್ಟಿಗೆ ಖರ್ಚಾಗಿಬಿಡುತ್ತದೆ. ಆದ್ದರಿಂದ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದು ಸುಮ್ಮನಾಗಬೇಡಿ. ಮಳೆ ಹಿಡಿಯುವ ಮುಂಚೆ ಟ್ಯಾಂಕು ಬರಿದು ಮಾಡಿ, ಒಳಗೋಡೆಯನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ತೊಳೆದು, ಆಮೇಲೆ ಪೌಡರ್ ಹಾಕಿ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.